ಕುಚ್ಚಲಕ್ಕಿ ಉಣ್ಣದ ದೇಶಕ್ಕೆ ಕುಚ್ಚಲಕ್ಕಿಯ ಹಡಗು

(ಮಂಗಳೂರಿನ ಕಾಲೇಜೊಂದರ ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ, ಅಂದು ಮರೆತದ್ದನ್ನು ಒಂದೆರಡು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ‘ಆಫ್ರಿಕಾದ ದೇಶಗಳ ದ್ವಿಪಕ್ಷೀಯ ವ್ಯಾಪಾರ’ ಎಂದು ದೊಡ್ಡದಾಗಿ ಹಾಕಿಬಿಟ್ಟಿದ್ದಾರೆ. ಆ ಖಂಡದಲ್ಲಿ 54 ದೇಶಗಳಿವೆ. ಅಷ್ಟನ್ನೂ ಹೇಳುವಷ್ಟು ಓದಿದವನು ನಾನಲ್ಲ. ನನ್ನ ಕಸುಬು ಗೇರುಬೀಜದ್ದು. ಇಲ್ಲಿಯ ಕಾರ್ಖಾನೆಗಳಿಗೆ ಕಚ್ಚಾ ಬೀಜ ಕೊಳ್ಳಲೆಂದು ಹೋಗಿ, ಪಶ್ಚಿಮ ಆಫ್ರಿಕಾದ ಬೆನಿನ್ ಎಂಬ ಪುಟ್ಟ ದೇಶದಲ್ಲಿ ಕೆಲವು ಹಂಗಾಮು ಕಳೆದವನು. ಆಗ ಆ ದೇಶ ತನ್ನ ಪಕ್ಕದ ನೈಜೀರಿಯಾ ಜೊತೆ ಮಾಡುವ ವ್ಯಾಪಾರ ಕಣ್ಣಿಗೆ ಬಿತ್ತು. ಇವತ್ತು ಅದೊಂದನ್ನೇ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ದಿನಾ ಕುಚ್ಚಲಕ್ಕಿ ಅನ್ನ? (ಬಹುಪಾಲು ಕೈಗಳು ಮೇಲೆದ್ದವು.) ಬೆಳ್ತಿಗೆ ಉಣ್ಣುವವರು? (ಹಿಂದಿನ ಬೆಂಚಿನಲ್ಲಿ ನಾಲ್ಕೈದು ಮಂದಿ.) ಘಟ್ಟದ ಮೇಲಿನವರಿರಬೇಕು. ನಿಮಗೆ ಹಾಸ್ಟೆಲಿನಲ್ಲಿ ಮೊದಲ ವಾರ ಏನಾಯಿತು ಅಂತ ಹೇಳಬೇಕಾಗಿಲ್ಲ. ನಮ್ಮ ದಪ್ಪ ಕೆಂಪು ಅಗುಳು ಕಂಡು ‘ಇದು ಬೆಂದಿದೆಯಾ’ ಅಂತ ಕೇಳಿರುತ್ತೀರಿ. ನಮ್ಮವರಿಗೂ ಅಷ್ಟೆ, ಬೆಂಗಳೂರಿನ ಬೆಳ್ತಿಗೆ ಅನ್ನ ಉಂಡರೆ ಎರಡು ಗಂಟೆಯಲ್ಲಿ ಹೊಟ್ಟೆ ಖಾಲಿ. ಎರಡೂ ಭತ್ತವೇ. ಒಂದನ್ನು ಕುಚ್ಚಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ಇನ್ನೊಂದನ್ನು ಹಾಗೇ ಹಾಕುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸ ಎರಡು ದೇಶಗಳ ಗಡಿಯಲ್ಲಿ ಏನೆಲ್ಲ ಮಾಡಬಲ್ಲದು ಎಂಬುದೇ ನನ್ನ ಕತೆ.

ನೈಜೀರಿಯಾದವರು ಉಣ್ಣುವುದು ಕುಚ್ಚಲಕ್ಕಿ. ನಮ್ಮಂಥ ಕೆಂಪು ದಪ್ಪದ್ದಲ್ಲ, ಉದ್ದ ಕಾಳಿನ, ಸ್ವಲ್ಪ ಹಳದಿ ಛಾಯೆಯದು. ಅಲ್ಲಿ ಮದುವೆ, ಹುಟ್ಟುಹಬ್ಬ, ಶವಸಂಸ್ಕಾರ ಯಾವುದಿದ್ದರೂ ಜೊಲೊಫ್ ಅಂತ ಟೊಮೆಟೊ-ಮೆಣಸಿನ ಅನ್ನ ಆಗಲೇಬೇಕು. ಅದಕ್ಕೆ ಅಗುಳು ಅಂಟಬಾರದು, ಒಡೆಯಬಾರದು. ಕುಚ್ಚಲಕ್ಕಿಯಾದರೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಗಡಿ ದಾಟಿ ಬೆನಿನ್‌ಗೆ ಬನ್ನಿ. ಅಲ್ಲಿ ಊಟವೆಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಗೆಣಸಿನ ಜಾತಿಯ ಯಾಮ್. ಅನ್ನ ಮಾಡಿದರೂ ಬಿಳಿ ಅಕ್ಕಿಯದೇ. ಕುಚ್ಚಲಕ್ಕಿ ಅವರಿಗೆ ಸೇರದು.

ಈಗ ಲೆಕ್ಕ ನೋಡಿ. 2017ರಲ್ಲಿ ಥಾಯ್ಲೆಂಡ್ ಒಂದರಿಂದಲೇ ಬೆನಿನ್‌ಗೆ ಹೋದ ಅಕ್ಕಿ ಸುಮಾರು 18 ಲಕ್ಷ ಟನ್, ಅದರಲ್ಲಿ ಹೆಚ್ಚಿನದು ಕುಚ್ಚಲಕ್ಕಿ. ಆಗ ಬೆನಿನ್‌ನ ಜನಸಂಖ್ಯೆ 1 ಕೋಟಿ 10 ಲಕ್ಷ ಚಿಲ್ಲರೆ. ತೊಟ್ಟಿಲಲ್ಲಿರುವ ಮಗುವನ್ನೂ ಸೇರಿಸಿ ಭಾಗಿಸಿದರೆ ತಲೆಗೆ 150 ಕಿಲೋ ಮೀರುತ್ತದೆ. ನಮ್ಮ ಆಂಧ್ರದ ಕಾಕಿನಾಡದಿಂದ ಹೋಗುವ ಹಡಗುಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಕುಚ್ಚಲಕ್ಕಿ ಕಂಡರೆ ಮೂಗು ಮುರಿಯುವ ಜನ ಇಷ್ಟನ್ನು ಉಂಡದ್ದಾದರೂ ಹೇಗೆ? ಉಣ್ಣಲಿಲ್ಲ. ಕೊಟೊನೂ ಬಂದರಿನಲ್ಲಿ ಇಳಿದ ಅಕ್ಕಿ ಪೂರ್ವಕ್ಕೆ ನಡೆದುಕೊಂಡು ಹೋಯಿತು. ನಡೆದುಕೊಂಡು ಅಂದದ್ದು ಅಲಂಕಾರಕ್ಕಲ್ಲ. ಅದರಲ್ಲಿ ಒಂದು ಪಾಲು ನಿಜಕ್ಕೂ ಜನರ ತಲೆಯ ಮೇಲೇ ಹೋಗುತ್ತದೆ.

ಭೂಗೋಳ ಸ್ವಲ್ಪ ಹೇಳಿಬಿಡುತ್ತೇನೆ. ಬೆನಿನ್ ನಕ್ಷೆಯಲ್ಲಿ ನಿಂತ ಕೀಲಿಕೈಯಂತಿದೆ, ಕೆಳಗೆ ಸಮುದ್ರದ ಕಡೆ ಸಪೂರ, ಮೇಲೆ ಅಗಲ. ಹಳೆಯ ಹೆಸರು ದಾಹೋಮೆ, 1975ರಲ್ಲಿ ಬೆನಿನ್ ಆಯಿತು. ಬಲಕ್ಕೆ ನೈಜೀರಿಯಾ, 20 ಕೋಟಿ ದಾಟಿದ ಜನ. ಇಬ್ಬರ ನಡುವಿನ ಗಡಿ ಏಳೆಂಟು ನೂರು ಕಿಲೋಮೀಟರ್. ಕೊಟೊನೂದಿಂದ ನೈಜೀರಿಯಾದ ಬಂದರು ನಗರ ಲಾಗೋಸಿಗೆ ಕರಾವಳಿ ರಸ್ತೆಯಲ್ಲಿ ಸುಮಾರು 120 ಕಿಲೋಮೀಟರ್, ನಡುವೆ ಸೆಮೆ ಎಂಬ ಗಡಿಠಾಣೆ. ಈ ಗೆರೆ ಎಳೆದದ್ದು ಬ್ರಿಟಿಷರು ಮತ್ತು ಫ್ರೆಂಚರು, 1889ರ ಒಪ್ಪಂದದಲ್ಲಿ. ಯೊರುಬಾ ಮಾತಾಡುವವರು ಎರಡೂ ಕಡೆ ಹಂಚಿಹೋದರು. ಬೆನಿನ್‌ನ ಪೋರ್ಟೊ-ನೋವೊ ಪಟ್ಟಣದ ಗುನ್ ಜನರಿಗೆ ಆಚೆಯ ಬಡಾಗ್ರಿಯಲ್ಲಿ ನೆಂಟರಿದ್ದಾರೆ. 1960ರಲ್ಲಿ, ಆಗಸ್ಟ್ 1ಕ್ಕೆ ಬೆನಿನ್‌ಗೂ ಅಕ್ಟೋಬರ್ 1ಕ್ಕೆ ನೈಜೀರಿಯಾಕ್ಕೂ ಸ್ವಾತಂತ್ರ್ಯ ಬಂತು. ಒಂದು ಕಡೆ ಫ್ರೆಂಚ್ ಭಾಷೆ, ಸೇಫಾ ಫ್ರಾಂಕ್. ಇನ್ನೊಂದು ಕಡೆ ಇಂಗ್ಲಿಷ್, ನೈರಾ. ಸಂತೆಯ ಹೆಂಗಸರಿಗೆ ಮಾತ್ರ ಎರಡೂ ನಾಣ್ಯ ಗೊತ್ತು, ಎರಡೂ ಕಡೆಯ ಬಾಯಿಲೆಕ್ಕ ಗೊತ್ತು. ಸರ್ಕಾರ ‘ಕಳ್ಳಸಾಗಣೆ’ ಅನ್ನುವುದಕ್ಕೆ ಅವರ ಮನೆಯಲ್ಲಿ ‘ಅಕ್ಕನ ಊರಿಗೆ ಹೋಗಿ ಬಂದೆ’ ಎಂದು ಹೆಸರು.

ಯೊರುಬಾದಲ್ಲಿ ಕಳ್ಳಸಾಗಣೆಗೆ ‘ಫಾಯಾವೊ’ ಅನ್ನುತ್ತಾರೆ. ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುವುದು ಅಂತ ಅರ್ಥ. ಪದವೇ ಚಿತ್ರ ಬಿಡಿಸಿ ತೋರಿಸುತ್ತದೆ.

ಇನ್ನು ತೆರಿಗೆಗೆ ಬರೋಣ. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ 2015ರಿಂದ ಎಲ್ಲರಿಗೂ ಒಂದೇ ಆಮದು ಸುಂಕ ಎಂದು ತೀರ್ಮಾನಿಸಿತು. ಅಕ್ಕಿಗೆ 10 ಶೇಕಡಾ. ಆದರೆ ನೈಜೀರಿಯಾ ಅದರ ಮೇಲೆ ತನ್ನದೇ 60 ಶೇಕಡಾ ಹೆಚ್ಚುವರಿ ಕರ ಹಾಕಿಕೊಂಡಿತು. ಅದಕ್ಕೂ ಮುಂಚೆ, 2013ರಲ್ಲಿ, ಎರಡೂ ಸೇರಿ 110 ಶೇಕಡಾ ಇತ್ತು. ಇನ್ನೂ ಹಿಂದೆ, 1980ರ ದಶಕದ ನಡುವಿನಿಂದ 1995ರವರೆಗೆ ಅಕ್ಕಿ ಆಮದನ್ನೇ ನಿಷೇಧಿಸಿದ್ದರು. 2015ರಲ್ಲಿ ಅಕ್ಕಿ ತರಿಸುವವರಿಗೆ ಅಧಿಕೃತ ದರದಲ್ಲಿ ಡಾಲರ್ ಕೊಡುವುದಿಲ್ಲ ಎಂದಿತು ಅವರ ಕೇಂದ್ರ ಬ್ಯಾಂಕು. 2016ರಲ್ಲಿ ರಸ್ತೆ ಗಡಿಯಿಂದ ಅಕ್ಕಿ ಬರಲೇಕೂಡದು ಎಂದರು. ಇದೆಲ್ಲ ಸುಮ್ಮನೆ ಮಾಡಿದ್ದಲ್ಲ. ತಮ್ಮ ರೈತರು ಭತ್ತ ಬೆಳೆಯಬೇಕು, ಎಣ್ಣೆ ಮಾರಿದ ದುಡ್ಡು ಥಾಯ್ಲೆಂಡಿಗೆ ಹೋಗಬಾರದು ಎಂಬ ಆಸೆ. ನ್ಯಾಯವಾದದ್ದೇ.

ನೂರು ರೂಪಾಯಿಯ ಅಕ್ಕಿ ಅಂದುಕೊಳ್ಳಿ. ಕೊಟೊನೂದಲ್ಲಿ ಇಳಿಸಿದರೆ ಸುಂಕ ಹತ್ತು, ಲಾಗೋಸಿನಲ್ಲಿ ಇಳಿಸಿದರೆ ಎಪ್ಪತ್ತು. ನಡುವೆ ಅರವತ್ತು ರೂಪಾಯಿ ರಸ್ತೆಯ ಮೇಲೆ ಬಿದ್ದಿದೆ. ಹಡಗಿನ ವರ್ತಕ ತನ್ನ ಸರಕನ್ನು ‘ಬೆನಿನ್‌ನಲ್ಲೇ ಬಳಕೆಗೆ’ ಎಂದು ಬರೆಸುತ್ತಾನೆ, ಹತ್ತು ಕಟ್ಟುತ್ತಾನೆ, ರಸೀದಿ ಪಡೆಯುತ್ತಾನೆ. ಅಲ್ಲಿಗೆ ಅದು ಕಾನೂನುಬದ್ಧ ಅಕ್ಕಿ. ಬೆನಿನ್ ಸರ್ಕಾರಕ್ಕೆ ಕಸ್ಟಮ್ಸ್ ಆದಾಯವೇ ದೊಡ್ಡ ಆಧಾರವಾದ್ದರಿಂದ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಆಮೇಲೆ ಗೋದಾಮಿನಿಂದ ಸಣ್ಣ ಲಾರಿಗೆ, ಲಾರಿಯಿಂದ ಗಡಿಯ ಹಳ್ಳಿಗೆ. ಅಲ್ಲಿಂದ ಮುಂದೆ ಒಂದು ಬೈಕಿಗೆ ಮೂರ್ನಾಲ್ಕು ಮೂಟೆ, ಹಿನ್ನೀರಿನ ದೋಣಿ, ಹೆಂಗಸರ ತಲೆ. ಆಚೆ ದಡದಲ್ಲಿ ನೈಜೀರಿಯಾದ ಅಕ್ಕಿ ಎಂದು ಅಚ್ಚಾದ ಚೀಲಕ್ಕೆ ಸುರಿದು ಹೊಲಿದರೆ ಜಾತಿಯೂ ಬದಲು. ಆ ಅರವತ್ತು ರೂಪಾಯಿಯಲ್ಲಿ ಬೈಕಿನ ಹುಡುಗ, ದೋಣಿಯವ, ಕಾವಲಿನವ, ವರ್ತಕ ಎಲ್ಲರಿಗೂ ಪಾಲಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತೇವಲ್ಲ, ಇಲ್ಲಿ ಬೇಲಿಯೇ ಹೊಲ. ಬೆನಿನ್ ಬೆಳೆದದ್ದನ್ನಾಗಲಿ ನೈಜೀರಿಯಾ ತಯಾರಿಸಿದ್ದನ್ನಾಗಲಿ ಅಲ್ಲ, ಎರಡು ಸರ್ಕಾರಗಳ ಕಾನೂನಿನ ನಡುವಿನ ವ್ಯತ್ಯಾಸವನ್ನು ಮಾರಿ ಬದುಕುವ ವ್ಯಾಪಾರ ಇದು. ನೈಜೀರಿಯಾ ಸುಂಕ ಏರಿಸಿದಷ್ಟೂ ಕೊಟೊನೂ ಬಂದರಿಗೆ ಸುಗ್ಗಿ. ನೇರವಾಗಿ ಲಾಗೋಸಿಗೆ ಹೋಗುತ್ತಿದ್ದ ಥಾಯ್ ಅಕ್ಕಿ ಇಳಿಯುತ್ತಾ ಬಂದ ವರ್ಷಗಳಲ್ಲೇ ಕೊಟೊನೂಗೆ ಹೋಗುವುದು ಏರುತ್ತಾ ಹೋಯಿತು.

ಕಾರುಗಳದ್ದೂ ಇದೇ ಕತೆ, ಹೆಚ್ಚು ಹೇಳುವುದಿಲ್ಲ. ಯುರೋಪು, ಅಮೆರಿಕದ ಹಳೆಯ ಕಾರುಗಳು ಹಡಗಿನಲ್ಲಿ ಕೊಟೊನೂಗೆ ಬಂದು ನೈಜೀರಿಯಾಕ್ಕೆ ಓಡುತ್ತವೆ. ಅಂಥ ಕಾರಿಗೆ ಅಲ್ಲಿ ‘ಟೊಕುನ್‌ಬೊ’ ಅಂತ ಹೆಸರು. ಕಡಲಾಚೆ ಹುಟ್ಟಿ ಮನೆಗೆ ಬಂದ ಮಗುವಿಗೆ ಯೊರುಬಾದವರು ಇಡುವ ಹೆಸರದು! 2003ರ ಆಗಸ್ಟ್‌ನಲ್ಲಿ ಕಾರು ಕಳ್ಳರ ಜಾಲದ ಸಿಟ್ಟಿಗೆ ಅಧ್ಯಕ್ಷ ಒಬಾಸಾಂಜೊ ಬೆನಿನ್ ಗಡಿಯನ್ನೇ ಕೆಲವು ದಿನ ಮುಚ್ಚಿಸಿದ್ದರು. 2017ರ ಜನವರಿಯಿಂದ ರಸ್ತೆ ಗಡಿಯ ಮೂಲಕ ಕಾರು ತರುವುದನ್ನು ನೈಜೀರಿಯಾ ನಿಷೇಧಿಸಿತು.

ಅಕ್ಕಿ ಪೂರ್ವಕ್ಕೆ ಹೋದರೆ ಪಶ್ಚಿಮಕ್ಕೆ ಬರುತ್ತಿದ್ದದ್ದು ಪೆಟ್ರೋಲ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನ್ನ ಮೂಗಿಗೆ ಇನ್ನೂ ಆ ವಾಸನೆ ಇದೆ.

ಕೊಟೊನೂದಲ್ಲಿ ಓಡಾಡಲು ಬೈಕ್ ಟ್ಯಾಕ್ಸಿ. ಜೆಮಿಜಾನ್ ಅನ್ನುತ್ತಾರೆ, ಅಲ್ಲಿಯ ಫೋನ್ ಎಂಬ ಜನರ ಭಾಷೆಯಲ್ಲಿ ‘ಬೇಗ ಕರೆದುಕೊಂಡು ಹೋಗು’ ಅಂತ. ಚಾಲಕರಿಗೆ ಹಳದಿ ಅಂಗಿ. ಮೊದಲ ದಿನ ನಾನು ಹತ್ತಿದ ಬೈಕಿನವನು ಪೆಟ್ರೋಲ್ ಬಂಕನ್ನು ದಾಟಿ ಮುಂದೆ ಹೋಗಿ, ಒಂದು ಮರದ ಮೇಜಿನ ಮುಂದೆ ನಿಲ್ಲಿಸಿದ. ಮೇಜಿನ ಮೇಲೆ ಸಾಲಾಗಿ ಹಳೆಯ ವಿಸ್ಕಿ ಬಾಟಲಿಗಳು, ಕೆಳಗೆ ಹೊಟ್ಟೆ ಉಬ್ಬಿದ ಗಾಜಿನ ದೊಡ್ಡ ಭರಣಿಗಳು. ಬಿಸಿಲಿಗೆ ಒಳಗಿನ ದ್ರವ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಹೆಂಡದಂಗಡಿಗೆ ತಂದನಲ್ಲ ಮಾರಾಯ ಅಂದುಕೊಂಡೆ. ಒಬ್ಬಳು ಹುಡುಗಿ ಬಂದು ಟ್ಯಾಂಕಿಗೆ ಆಲಿಕೆ ಇಟ್ಟು, ಅದಕ್ಕೊಂದು ಬಟ್ಟೆ ಹಾಸಿ, ಲೀಟರ್ ಬಾಟಲಿಯೊಂದನ್ನು ಬೋರಲು ಹಾಕಿದಳು. ಕಸ ಬಟ್ಟೆಯಲ್ಲಿ ಉಳಿಯಿತು. ಅರ್ಧ ನಿಮಿಷದ ಕೆಲಸ. ಇದು ‘ಕ್ಪಾಯೊ’. ಗುನ್ ಭಾಷೆಯಲ್ಲಿ ಅಸಲಿಯಲ್ಲದ್ದು ಎಂದರ್ಥ. ಅರ್ಥ ಹಾಗಿದ್ದರೂ, ಹಲವು ವರ್ಷ ಬೆನಿನ್ ಸುಟ್ಟ ಪೆಟ್ರೋಲಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಇದೇ ಎಂಬುದು ಅಂದಾಜು. ಬಂಕುಗಳೇ ಅಪರೂಪದ ಅಂಗಡಿಗಳಂತೆ ಕಾಣುತ್ತಿದ್ದವು.

ಕಾರಣ ಸರಳ. ಎಣ್ಣೆಯ ದೇಶವಾದ ನೈಜೀರಿಯಾ ತನ್ನ ಜನರಿಗೆ ಸಬ್ಸಿಡಿ ಕೊಟ್ಟು ಅಗ್ಗಕ್ಕೆ ಪೆಟ್ರೋಲ್ ಮಾರುತ್ತಿತ್ತು. ಅಗ್ಗದ್ದು ದುಬಾರಿಯ ಕಡೆ ಹರಿಯಿತು. ಕೇರಳಕ್ಕಿಂತ ನಮ್ಮಲ್ಲಿ ದರ ಕಡಿಮೆಯಾದಾಗ ಕಾಸರಗೋಡಿನ ಗಾಡಿಗಳು ತಲಪಾಡಿಯಲ್ಲಿ ಟ್ಯಾಂಕ್ ತುಂಬಿಸುವುದನ್ನು ನೀವೇ ಕಂಡಿದ್ದೀರಿ. ಆದರೆ ಅಲ್ಲಿ ಇದು ಲಕ್ಷಾಂತರ ಜನರ ಅನ್ನ. ಅಂಗವಿಕಲರು ತಮ್ಮ ಮೂರು ಚಕ್ರದ ಗಾಡಿಗಳ ಹೊಟ್ಟೆಯಲ್ಲಿ ಟ್ಯಾಂಕ್ ಕಟ್ಟಿಸಿಕೊಂಡು ಸೆಮೆಯಿಂದ ತರುತ್ತಿದ್ದರು, ಪೊಲೀಸರು ಅವರ ತಂಟೆಗೆ ಹೋಗುವುದು ಕಡಿಮೆ ಎಂದು. ಬೈಕಿಗೆ ಸುತ್ತಲೂ ಕ್ಯಾನು ಕಟ್ಟಿಕೊಂಡು ಬರುವವನನ್ನು ದೂರದಿಂದ ನೋಡಿದರೆ ಮನುಷ್ಯ ಕಾಣಿಸುವುದೇ ಇಲ್ಲ, ಕ್ಯಾನುಗಳ ಗುಡ್ಡವೇ ಬಂದಂತೆ. ಜನ ದಾರಿ ಬಿಡುತ್ತಾರೆ. ಗೌರವಕ್ಕಲ್ಲ, ಭಯಕ್ಕೆ. 2023ರ ಸೆಪ್ಟೆಂಬರ್ 23ರಂದು ಗಡಿಯ ಹತ್ತಿರ ಇಂಥದೊಂದು ಪೆಟ್ರೋಲ್ ದಾಸ್ತಾನಿಗೆ ಬೆಂಕಿ ಬಿದ್ದು 30ಕ್ಕೂ ಹೆಚ್ಚು ಮಂದಿ ಸತ್ತರು. ಆ ಹುಡುಗಿಯ ಮೇಜಿನ ಪಕ್ಕದಲ್ಲೇ ಒಬ್ಬಾಕೆ ಒಲೆ ಹಚ್ಚಿ ಮೀನು ಹುರಿಯುತ್ತಿದ್ದುದು ನನಗೆ ಆ ಸುದ್ದಿ ಓದಿದಾಗ ನೆನಪಾಯಿತು.

ಲಾಗೋಸಿನಲ್ಲಿ ಆಳುವವರು ಒಂದು ಸಹಿ ಹಾಕಿದರೆ ಕೊಟೊನೂದ ಬಾಟಲಿಗೆ ಬೆಲೆ ಏರುತ್ತದೆ ಅಂತ ಒಂದು ಮಾತು ಬಾಯಿಗೆ ಬಂತು. ತಪ್ಪು, ಸಹಿ ಬೀಳುವುದು ಈಗ ಅಬುಜಾದಲ್ಲಿ, ರಾಜಧಾನಿ ಅದು. 2012ರ ಜನವರಿ 1ರಂದು ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಸಬ್ಸಿಡಿ ತೆಗೆದರು. 65 ನೈರಾ ಇದ್ದ ಲೀಟರು 141ಕ್ಕೆ ಜಿಗಿಯಿತು. ದೇಶವಿಡೀ ಮುಷ್ಕರ ಹೂಡಿ ಅದನ್ನು 97ಕ್ಕೆ ಇಳಿಸಿದರು. 2023ರ ಮೇ 29ರಂದು ಬೋಲಾ ಟಿನುಬು ಅಧಿಕಾರ ಸ್ವೀಕರಿಸಿದ ಭಾಷಣದಲ್ಲೇ ಸಬ್ಸಿಡಿ ಮುಗಿಯಿತು ಎಂದರು. 200 ನೈರಾದ ಒಳಗಿದ್ದದ್ದು ಎರಡು ಮೂರು ದಿನದಲ್ಲಿ 500ರ ಹತ್ತಿರ. ಬೆನಿನ್‌ನ ಜನ ಆ ಚುನಾವಣೆಯಲ್ಲಿ ಓಟು ಹಾಕಿದವರಲ್ಲ. ಆದರೂ ಪೆಟ್ಟು ಅದೇ ವಾರ ಅವರಿಗೂ ಬಿತ್ತು. ಕ್ಪಾಯೊ ದುಬಾರಿಯಾಯಿತು, ಜೆಮಿಜಾನ್ ಬಾಡಿಗೆ ಏರಿತು, ಎಷ್ಟೋ ಮೇಜುಗಳು ಖಾಲಿಯಾದವು.

ಈಗ ಗಡಿ ಮುಚ್ಚಿದ ಕತೆ. 2019ರ ಜುಲೈ 7ರಂದು ನೈಜರ್ ದೇಶದ ನಿಯಾಮಿಯಲ್ಲಿ ಆಫ್ರಿಕಾದ ನಾಯಕರೆಲ್ಲ ಸೇರಿದ್ದರು. ಇಡೀ ಖಂಡಕ್ಕೆ ಒಂದೇ ಮುಕ್ತ ಮಾರುಕಟ್ಟೆ ಎಂಬ ಒಪ್ಪಂದ. ತಡಮಾಡಿದ್ದ ನೈಜೀರಿಯಾ ಮತ್ತು ಬೆನಿನ್ ಎರಡೂ ಅದೇ ದಿನ ಸಹಿ ಹಾಕಿದವು. ಕೈ ಕುಲುಕಿ, ಫೋಟೊ ತೆಗೆಸಿಕೊಂಡು ಮನೆಗೆ ಹೋದರು. ಆರು ವಾರ ಕಳೆದು, ಆಗಸ್ಟ್ 20ಕ್ಕೆ, ನೈಜೀರಿಯಾ ತನ್ನ ಗಡಿ ಮುಚ್ಚಿತು. ಮೊದಲು ಕೆಲವು ದಿನ ಎಂದರು. ತೆರೆದದ್ದು 2020ರ ಡಿಸೆಂಬರ್‌ನಲ್ಲಿ, ಅದೂ ಸೆಮೆ ಸೇರಿ ನಾಲ್ಕೇ ಠಾಣೆ, ಅಕ್ಕಿ ಮತ್ತು ಕೋಳಿಗೆ ಮಾತ್ರ ಬಾಗಿಲು ಮುಚ್ಚಿಯೇ ಇತ್ತು. ಮುಚ್ಚಿಸಿದ ಆಗಿನ ಅಧ್ಯಕ್ಷ ಮುಹಮ್ಮದು ಬುಹಾರಿಯವರಿಗೆ ಇದು ಹೊಸ ಕೆಲಸವಲ್ಲ. 1984ರಲ್ಲಿ ಸೈನ್ಯದ ಸಮವಸ್ತ್ರದಲ್ಲಿ ಆಳುತ್ತಿದ್ದಾಗಲೂ ಅವರು ಗಡಿ ಮುಚ್ಚಿದ್ದರು.

ಬುಹಾರಿಯವರನ್ನು ಬೈಯುವುದು ಸುಲಭ, ಆದರೆ ಅವರ ವಾದದಲ್ಲಿ ಹುರುಳಿತ್ತು. ಪಶ್ಚಿಮ ಆಫ್ರಿಕಾದ ಮುಕ್ತ ವ್ಯಾಪಾರದ ನಿಯಮ ಆ ಪ್ರದೇಶದಲ್ಲೇ ಬೆಳೆದ, ತಯಾರಾದ ಸರಕಿಗೆ. ಬ್ಯಾಂಕಾಕಿನ ಅಕ್ಕಿಗೆ ಕೊಟೊನೂದ ಮುದ್ರೆ ಒತ್ತಿದರೆ ಅದು ಆಫ್ರಿಕಾದ ಅಕ್ಕಿ ಆಗುವುದಿಲ್ಲ. ಜೊತೆಗೆ 2015ರಲ್ಲಿ ಕೆಬ್ಬಿ ರಾಜ್ಯದಿಂದ ಶುರುಮಾಡಿ ಭತ್ತದ ರೈತರಿಗೆ ಅವರ ಸರ್ಕಾರ ದೊಡ್ಡ ಸಾಲ ಯೋಜನೆ ನಡೆಸಿತ್ತು. ಗದ್ದೆಗೆ ಸಾಲ ಕೊಟ್ಟು, ಸಂತೆಗೆ ಕಳ್ಳ ಅಕ್ಕಿ ಬಿಟ್ಟರೆ ಸಾಲ ತೀರುವುದು ಹೇಗೆ? ಇದು ಸರಿಯೇ. ನನ್ನ ತಕರಾರು ಬೇರೆ. ಮುಚ್ಚಿದ ಗೇಟು ತಡೆದದ್ದು ಯಾರನ್ನು? ತೆವಳಿ ದಾಟುವವನಿಗೆ ಗೇಟಿನ ಹಂಗಿಲ್ಲ, ಸ್ವಲ್ಪ ಹೆಚ್ಚು ಲಂಚ ಕೊಟ್ಟಾನು. ನಿಂತುಹೋದದ್ದು ಪತ್ರ ಇಟ್ಟುಕೊಂಡು, ಸಾಲಿನಲ್ಲಿ ನಿಂತು ದಾಟುವವನು. ಬೆನಿನ್‌ನ ತೋಟಗಳ ಅನಾನಸು, ಗ್ರ್ಯಾಂಡ್-ಪೋಪೊ ಕಡೆಯ ಟೊಮೆಟೊ, ಇವು ಅಪ್ಪಟ ಅಲ್ಲಿಯ ಮಣ್ಣಿನವು, ಒಪ್ಪಂದದ ಯಾವ ಅಕ್ಷರಕ್ಕೂ ವಿರುದ್ಧವಲ್ಲ. ಕೊಳ್ಳುವವರು ಗಡಿಯಾಚೆ. ಟೊಮೆಟೊ ಕಾಯುವುದಿಲ್ಲ, ಕೊಳೆಯಿತು. ಆಚೆ ನೈಜೀರಿಯಾದಲ್ಲೂ ಅಡುಗೆಮನೆಯ ಖರ್ಚು ಏರಿತು, ಅಕ್ಕಿ ಚೀಲ ಮುಟ್ಟಿದರೆ ಕೈ ಸುಡುವಂತಾಯಿತು.

ಅಲ್ಲಿಂದೀಚೆಗೆ ಗಾಳಿ ತಿರುಗಿದೆ. 2023ರ ಜೂನ್‌ನಲ್ಲಿ ನೈಜೀರಿಯಾ ನೈರಾವನ್ನು ಹಿಡಿದಿಟ್ಟಿದ್ದ ಹಗ್ಗ ಸಡಿಲಿಸಿತು. ಡಾಲರಿಗೆ 460ರ ಆಸುಪಾಸು ಇದ್ದದ್ದು 2024ರಲ್ಲಿ 1,500ರ ಆಚೀಚೆ ಹೋಯಿತು. ಬೆನಿನ್‌ನ ಸೇಫಾ ಮಾತ್ರ ಯೂರೋಗೆ ಕಟ್ಟಿದ ಗೂಟದಲ್ಲೇ ಇದೆ, ಒಂದು ಯೂರೋಗೆ 655.957. ಸೇಫಾ ಹಿಡಿದವನಿಗೆ ನೈಜೀರಿಯಾದ ಸಂತೆ ದಿಢೀರನೆ ಅಗ್ಗ. ಹೀಗಾಗಿ ನೈಜೀರಿಯಾದ ಮೆಕ್ಕೆಜೋಳ, ಧಾನ್ಯ ಈಗ ಹೊರಗೆ ಹರಿಯುತ್ತಿದೆ ಎಂದು ಅವರ ಅಧಿಕಾರಿಗಳೇ ಲಾರಿ ತಡೆಯತೊಡಗಿದರು. ಒಳಗೆ ಬರುವುದನ್ನು ತಡೆಯಲು ನಿಲ್ಲಿಸಿದ ಕಾವಲು ಹೊರಗೆ ಹೋಗುವುದನ್ನು ತಡೆಯಬೇಕಾಯಿತು. 2024ರ ಜುಲೈನಲ್ಲಂತೂ ಬೆಲೆಯೇರಿಕೆ ತಾಳದೆ, ಮೆಕ್ಕೆಜೋಳ, ಗೋಧಿ, ತೌಡು ಸಮೇತದ ಅಕ್ಕಿಗೆ 150 ದಿನ ಸುಂಕವಿಲ್ಲ ಎಂದು ಅದೇ ನೈಜೀರಿಯಾ ಘೋಷಿಸಿತು.

ನಮ್ಮ ದೆಹಲಿಯೂ ಇದರಲ್ಲಿ ಪಾತ್ರಧಾರಿ. 2023ರ ಆಗಸ್ಟ್‌ನಲ್ಲಿ ಇಲ್ಲಿಯ ಬೆಲೆ ಹಿಡಿತಕ್ಕೆ ಕುಚ್ಚಲಕ್ಕಿ ರಫ್ತಿಗೆ 20 ಶೇಕಡಾ ಸುಂಕ ಹಾಕಿದರು, ಮರುವರ್ಷ ಅಕ್ಟೋಬರಿನಲ್ಲಿ ತೆಗೆದರು. ಕಾಕಿನಾಡದಲ್ಲಿ ಹಾಕಿದ ಸುಂಕವನ್ನು ಕೊನೆಗೆ ಕಟ್ಟಿದವರಲ್ಲಿ ಲಾಗೋಸಿನ ಮದುವೆಮನೆಯವರೂ ಇದ್ದರು.

ಗೇರುಬೀಜದ ವಿಷಯ ಎತ್ತದಿದ್ದರೆ ನಮ್ಮವರು ಬಿಡುವುದಿಲ್ಲ. ಬೆನಿನ್ ಮಾಲು ಅಂದರೆ ನಮ್ಮ ಕಾರ್ಖಾನೆಗಳಲ್ಲಿ ಒಳ್ಳೆಯ ಹೆಸರು. 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬರುತ್ತದೆ ಎಂಬ ಔಟ್‌ಟರ್ನ್ ಲೆಕ್ಕದಲ್ಲಿ ಅದು ಮುಂದಿನ ಸಾಲಿನದು. ಪರಾಕು ಊರಿನ ಗೋದಾಮಿನಲ್ಲಿ ಕೂತು ಕತ್ತರಿಯಲ್ಲಿ ಬೀಜ ಸೀಳಿ ನೋಡುವುದೇ ನನ್ನ ಕೆಲಸವಾಗಿತ್ತು. 2024ರ ಏಪ್ರಿಲ್‌ನಿಂದ ಬೆನಿನ್ ಕಚ್ಚಾ ಬೀಜದ ರಫ್ತು ನಿಲ್ಲಿಸಿದೆ. ಕೊಟೊನೂ ಸಮೀಪ ಗ್ಲೊ-ಜಿಗ್ಬೆ ಎಂಬಲ್ಲಿ ಕೈಗಾರಿಕಾ ವಲಯ ಮಾಡಿ ಅಲ್ಲೇ ಸುಲಿಯುತ್ತಾರೆ. ನಮ್ಮ ಊರಿನ ಕಾರ್ಖಾನೆಗಳಿಗೆ ಇದು ಸಂಕಟದ ಸುದ್ದಿ. ಆದರೆ ಪಕ್ಕದವರ ಕಾನೂನಿನ ಏರಿಳಿತ ನಂಬಿ ಬದುಕಿದ ದೇಶ ತನ್ನ ಕೈಯ ಕೆಲಸ ಹುಡುಕಿಕೊಂಡರೆ ತಪ್ಪೆಂದು ನಾನಂತೂ ಹೇಳಲಾರೆ. ನನ್ನ ಹಳೆಯ ಮಾಲೀಕರು ಇಲ್ಲಿ ಇಲ್ಲ ಅಂದುಕೊಂಡಿದ್ದೇನೆ.

(ಉಪನ್ಯಾಸ ಮುಗಿದ ಮೇಲೆ ನಾಲ್ಕಾರು ಪ್ರಶ್ನೆಗಳು ಬಂದವು. ಕೊನೆಯದನ್ನು ಮಾತ್ರ ಇಲ್ಲಿ ಕೊಡುತ್ತೇನೆ. ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ‘ಸರ್, ನೀವು ಅಲ್ಲಿ ಊಟಕ್ಕೆ ಏನು ಮಾಡಿದಿರಿ’ ಎಂದು ಕೇಳಿದಳು.)

ಒಳ್ಳೆ ಪ್ರಶ್ನೆ ಮಗಾ. ಎರಡು ವಾರ ಜೋಳದ ಮುದ್ದೆ, ಹುರಿದ ಮೀನು. ಮೂರನೇ ವಾರ ಜ್ವರ ಬಂತು, ಗಂಜಿ ಬೇಕೆನಿಸಿತು. ಕೊಟೊನೂದ ಡಾಂಟೊಕ್ಪಾ ಮಾರುಕಟ್ಟೆಗೆ ಹೋಗಿ ಅಕ್ಕಿ ಅಂಗಡಿಯ ಹೆಂಗಸಿಗೆ ಒಳಗಿನ ಮೂಟೆ ತೋರಿಸಿದೆ. ಆಕೆ ತಲೆ ಅಲ್ಲಾಡಿಸಿ, ‘ಅದು ನೈಜೀರಿಯಾದ್ದು, ನಿನಗೆ ಸೇರುವುದಿಲ್ಲ’ ಎಂದು ಬಿಳಿ ಅಕ್ಕಿ ಮುಂದೆ ಸರಿಸಿದಳು. ಇಲ್ಲಮ್ಮ, ಅದೇ ಬೇಕು ಎಂದು ಕೈ ಮುಗಿದೆ. ಮೂಟೆ ಬಿಚ್ಚಿದಳು. ಅದರ ಮೇಲೆ ‘ಪ್ರಾಡಕ್ಟ್ ಆಫ್ ಇಂಡಿಯಾ’ ಅಂತ ಅಚ್ಚಾಗಿತ್ತು. ನಾಲ್ಕು ಕಿಲೋ ತೂಗಿಸಿಕೊಂಡೆ. ಮನೆಯಿಂದ ಒಯ್ದ ಮಿಡಿ ಉಪ್ಪಿನಕಾಯಿ ಇತ್ತು. ಕಸ್ಟಮ್ಸ್ ಕಾಗದದಲ್ಲಿ ಆ ಇಡೀ ಹಡಗು ‘ಬೆನಿನ್‌ನಲ್ಲೇ ಬಳಕೆಗೆ’ ಎಂದು ಬರೆಸಿದ್ದಲ್ಲವೇ, ಅದರಲ್ಲಿ ನಾಲ್ಕು ಕಿಲೋ ಮಟ್ಟಿಗಾದರೂ ಬರೆಸಿದವನ ಮಾತು ನಿಜವಾಯಿತು.